ಗಂಟೆ ಹೊಡೆಯುವ ಮೊದಲು ಒಂದು ಮಾತು

ಓದುಗರ ಪ್ರಶ್ನೆಗಳಿಗೆ ಉತ್ತರ

ಆಟಿಸಂ ಇರುವವರ ಶಾಲೆ, ಸಂಸಾರ, ಉದ್ಯೋಗಗಳ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ. ಮೆದುಳು ಬೆಳೆಯುವ ಬಗೆಯಲ್ಲಿನ ವ್ಯತ್ಯಾಸವಾದ ಆಟಿಸಂಗೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದವೂ ಬಳಕೆಯಲ್ಲಿದೆ. ಆದರೆ ಹೊರಗಿನ ಸದ್ದು, ಬೆಳಕು, ಸ್ಪರ್ಶಗಳು ನಮಗಿಂತ ಹೆಚ್ಚು ತೀವ್ರವಾಗಿ ತಾಗುವ ಎಷ್ಟೋ ಜನರನ್ನು ತಮ್ಮಲ್ಲೇ ಲೀನವಾದವರು ಎಂದು ಕರೆಯುವುದು ನನಗೆ ಸರಿಕಾಣದ ಕಾರಣ, ಮನೆಗಳಲ್ಲಿ ಆಡುವ ‘ಆಟಿಸಂ’ ಎಂಬ ಮಾತನ್ನೇ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ ತುಂಬಿದೆ. ಆಟಿಸಂ ಇದೆ ಎಂದು ವೈದ್ಯರು ಹೇಳಿ ಎರಡು ವರ್ಷವಾಯಿತು. ಅಕ್ಷರ, ಅಂಕಿಗಳನ್ನೆಲ್ಲ ಗುರುತಿಸುತ್ತಾನೆ, ಮಾತು ಕಡಿಮೆ. ಒಂದನೇ ತರಗತಿಗೆ ಸೇರಿಸಲು ಮನೆಯ ಹತ್ತಿರದ ಖಾಸಗಿ ಶಾಲೆಗೆ ಕರೆದುಕೊಂಡು ಹೋದಾಗ ಅವನನ್ನು ಅರ್ಧ ಗಂಟೆ ಕೂರಿಸಿ ಪ್ರಶ್ನೆ ಕೇಳಿದರು. ಕೊನೆಗೆ, ‘ವಿಶೇಷ ಶಾಲೆಗೆ ಸೇರಿಸಿ, ಇಲ್ಲವೇ ನಿಮ್ಮ ಖರ್ಚಿನಲ್ಲಿ ಅವನ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ’ ಎಂದರು. ನಾವು ಏನು ಮಾಡಬಹುದು?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲಿಗೆ, ಆ ಅರ್ಧ ಗಂಟೆಯ ಪರೀಕ್ಷೆಯೇ ಕಾನೂನಿಗೆ ವಿರುದ್ಧವಾದದ್ದು. ಪ್ರವೇಶದ ಸಮಯದಲ್ಲಿ ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ನಿಷೇಧಿಸುತ್ತದೆ. ಮೊದಲ ತಪ್ಪಿಗೆ 25,000 ರೂಪಾಯಿ, ಮತ್ತೆ ಮಾಡಿದರೆ ಪ್ರತಿ ಸಲಕ್ಕೆ 50,000 ರೂಪಾಯಿಯವರೆಗೆ ದಂಡವಿದೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆಯಾದ್ದರಿಂದ ಆ ಶಾಲೆ ಯಾವ ಬಗೆಯದು ಎಂದು ವಿಚಾರಿಸಿಕೊಳ್ಳಿ.

ಯಾವ ಬಗೆಯದಾದರೂ ನಿಮ್ಮ ಕೈಯಲ್ಲಿ ಇನ್ನೊಂದು ಕಾನೂನು ಇದೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಸರ್ಕಾರದ ಅನುದಾನ ಪಡೆದ ಶಾಲೆಗಳು ಮಾತ್ರವಲ್ಲದೆ ಸರ್ಕಾರದಿಂದ ಮಾನ್ಯತೆ ಪಡೆದ ಶಾಲೆಗಳು ಕೂಡ ಭೇದವಿಲ್ಲದೆ ಪ್ರವೇಶ ಕೊಡಬೇಕು, ಆ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆಗಳನ್ನು ಮಾಡಬೇಕು ಎಂಬುದು ಅದರ 16ನೇ ಕಲಮಿನ ಆಶಯ. ಇನ್ನು ವಿಶೇಷ ಶಾಲೆಯ ಮಾತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 31ನೇ ಕಲಮು ಕೊಡುತ್ತದೆ, ಮತ್ತು ಅದು ನೆರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂಬ ಆಯ್ಕೆಯನ್ನು ಮಗುವಿನ ಕಡೆಗೆ ಬಿಡುತ್ತದೆ. ಆ ಆಯ್ಕೆ ಶಾಲೆಯ ಮುಖ್ಯಸ್ಥರದ್ದಲ್ಲ. ಜೊತೆಗೊಬ್ಬರನ್ನು ನಿಮ್ಮ ಖರ್ಚಿನಲ್ಲಿ ಕೂರಿಸಿದರೆ ಮಾತ್ರ ಪ್ರವೇಶ ಎಂಬ ಷರತ್ತು ಎರಡೂ ಕಾಯ್ದೆಗಳಲ್ಲಿ ಎಲ್ಲಿಯೂ ಇಲ್ಲ. ಕೆಲವು ಮಕ್ಕಳಿಗೆ ಮೊದಲ ಕೆಲವು ತಿಂಗಳು ಪಕ್ಕದಲ್ಲಿ ಒಬ್ಬರಿದ್ದರೆ ಒಳ್ಳೆಯದೇ. ಆದರೆ ಅದನ್ನು ಬಾಗಿಲಿನ ಬೀಗವಾಗಿ ಬಳಸುವುದನ್ನು ನಾನು ಒಪ್ಪಲಾರೆ.

ಜಗಳಕ್ಕೆ ಮುಂಚೆ ಒಂದು ಪತ್ರ ಬರೆಯಿರಿ. ಮಗನಿಗೆ ಏನೇನು ಬರುತ್ತದೆ, ಯಾವುದರಿಂದ ಕಷ್ಟವಾಗುತ್ತದೆ, ಯಾವ ಮೂರು ನಾಲ್ಕು ಅನುಕೂಲಗಳು ಬೇಕು ಎಂಬುದನ್ನು ಒಂದೇ ಪುಟದಲ್ಲಿ ತಿಳಿಸಿ, ಪ್ರವೇಶ ಕೊಡಲಾಗದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಕೇಳಿ, ಸ್ವೀಕೃತಿಯ ಸಹಿ ಪಡೆಯಿರಿ. ಬಾಯಿಮಾತಿನಲ್ಲಿ ಸುಲಭವಾಗಿ ‘ಆಗುವುದಿಲ್ಲ’ ಎಂದವರು ಅದನ್ನು ಬರೆದುಕೊಡಬೇಕಾದಾಗ ಮತ್ತೊಮ್ಮೆ ಯೋಚಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಆ ಪತ್ರದ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ನಂತರ ಉಪನಿರ್ದೇಶಕರಿಗೆ, ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಅಂಗವೈಕಲ್ಯದ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿಲ್ಲವೆಂದು ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಈಗಲೇ ಆರಂಭಿಸಿ. ಅರ್ಜಿಯನ್ನು ಆನ್‌ಲೈನಿನಲ್ಲಿ ಹಾಕಿದ ಮೇಲೆ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ಆಟಿಸಂನ ಪ್ರಮಾಣವನ್ನು ನಮ್ಮ ದೇಶದಲ್ಲೇ ರೂಪಿಸಿದ, 40 ಅಂಶಗಳ ಒಂದು ಮಾಪನದಿಂದ ಅಳೆಯುತ್ತಾರೆ. ಮಗು ಮನೆಯಲ್ಲಿ ಹೇಗಿರುತ್ತದೆ ಎಂದು ನಿಮ್ಮನ್ನೂ ಕೇಳುತ್ತಾರಾದ್ದರಿಂದ ನೆನಪಾದದ್ದನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಿ. ಮಾತಿನ ತರಬೇತಿ, ಕೈಕೆಲಸದ ತರಬೇತಿಗಳಿಗೆ ನೀವು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಅಂಗವಿಕಲರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ದಾವಣಗೆರೆಯಲ್ಲೇ ಇದೆ. ಅದನ್ನು ಸಿ.ಆರ್.ಸಿ. ಎನ್ನುತ್ತಾರೆ. ಶಾಲೆಯವರು ಸಿ.ಆರ್.ಸಿ. ಎಂದಾಗ ಕ್ಲಸ್ಟರ್ ಸಂಪನ್ಮೂಲ ಕೇಂದ್ರವನ್ನು ಹೇಳುತ್ತಿರುತ್ತಾರೆ. ಎರಡೂ ಬೇರೆ ಬೇರೆ ಕಚೇರಿಗಳು, ಈ ಗೊಂದಲದಲ್ಲಿ ಅಲೆದಾಡಬೇಡಿ. ಯಾವ ಕಾರ್ಡಿಗೂ ಕಾಯದೆ ಮಗನನ್ನು ಶಾಲೆಗೆ ಸೇರಿಸಿ. ಕಾರ್ಡ್ ಸೌಲಭ್ಯಗಳಿಗೆ ಬೇಕು, ಪ್ರವೇಶಕ್ಕೆ ಬೇಕಿಲ್ಲ.

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತೇನೆ. 28 ಮಕ್ಕಳಿದ್ದಾರೆ. ಈ ವರ್ಷ ಬಂದ ಒಬ್ಬ ಹುಡುಗಿ ಗಂಟೆ ಹೊಡೆದ ತಕ್ಷಣ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ, ನಾನು ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುತ್ತಾಳೆ, ಬಿಸಿಯೂಟದಲ್ಲಿ ಬರಿ ಅನ್ನ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಆಟಿಸಂ ಎಂದು ಆಕೆಯ ತಾಯಿ ಹೇಳಿದರು. ನನಗೆ ಇದರ ತರಬೇತಿ ಇಲ್ಲ. ಉಳಿದ 27 ಮಕ್ಕಳನ್ನು ಬಿಟ್ಟು ಒಬ್ಬಳನ್ನೇ ನೋಡಿಕೊಳ್ಳುವುದು ಹೇಗೆ?
– ಒಬ್ಬ ಶಿಕ್ಷಕರು, ಚಿತ್ರದುರ್ಗ ಜಿಲ್ಲೆ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿದಾಗ ನನಗೆ ನನ್ನ ಕೆಲಸದ ಎರಡನೆಯ ವರ್ಷ ನೆನಪಾಯಿತು. ‘ನಿನ್ನ ಹೆಸರೇನು’ ಎಂದರೆ ‘ನಿನ್ನ ಹೆಸರೇನು’ ಎಂದೇ ಉತ್ತರಿಸುವ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಅವನು ನನ್ನನ್ನು ಅಣಕಿಸುತ್ತಿದ್ದಾನೆಂದು ತಿಳಿದು ಎಷ್ಟೋ ದಿನ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಆ ವರ್ಷ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ. ಹಾಗೆ ಮಾತನ್ನು ಮರಳಿ ಹೇಳುವುದು ಆಟಿಸಂ ಇರುವ ಎಷ್ಟೋ ಮಕ್ಕಳು ಭಾಷೆಯನ್ನು ಹಿಡಿಯುವ ದಾರಿ, ‘ನೀವು ಹೇಳಿದ್ದು ಕೇಳಿಸಿತು, ಉತ್ತರ ಹುಡುಕುತ್ತಿದ್ದೇನೆ’ ಎಂಬ ಸೂಚನೆಯೂ ಆಗಿರುತ್ತದೆ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಆ ಹುಡುಗನ ವಿಷಯದಲ್ಲಿ ನಾನು ಮಾಡಿದ್ದಕ್ಕೆ ಪರಿಹಾರವಿಲ್ಲ. ನೀವು ಮೊದಲ ವರ್ಷದಲ್ಲೇ ಕೇಳುತ್ತಿದ್ದೀರಿ ಎಂಬುದು ನನಗೆ ಸಮಾಧಾನ ತಂದಿದೆ.

ಗಂಟೆಯಿಂದಲೇ ಆರಂಭಿಸೋಣ. ನಮ್ಮ ಹಳ್ಳಿ ಶಾಲೆಗಳಲ್ಲಿ ಜಗುಲಿಯಲ್ಲಿ ತೂಗುಹಾಕಿದ ಕಬ್ಬಿಣದ ತುಂಡಿಗೆ ಸುತ್ತಿಗೆಯಿಂದ ಹೊಡೆಯುತ್ತಾರೆ. ನಿಮಗೂ ನನಗೂ ಅದು ಅಭ್ಯಾಸ. ಆ ಮಗುವಿಗೆ ಅದು ಹೇಳದೆ ಕೇಳದೆ ತಲೆಯೊಳಗೆ ಬಿದ್ದ ಏಟು. ಸದ್ದಿನ ಜೋರು ಅರ್ಧ ಕಾರಣವಾದರೆ, ಅದು ಯಾವಾಗ ಬರುತ್ತದೆಂದು ಗೊತ್ತಿಲ್ಲದಿರುವುದು ಇನ್ನರ್ಧ. ಆದ್ದರಿಂದ ಗಂಟೆಗೆ ಎರಡು ನಿಮಿಷ ಮುಂಚೆ ಅವಳ ಹತ್ತಿರ ಹೋಗಿ, ಗಂಟೆಯ ಒಂದು ಚಿತ್ರ ತೋರಿಸಿ, ‘ಈಗ ಗಂಟೆ’ ಎಂದಷ್ಟೇ ಹೇಳಿ. ಅವಳು ತಾನೇ ಕಿವಿ ಮುಚ್ಚಿಕೊಳ್ಳಲಿ. ಗಂಟೆಯಿಂದ ದೂರದ ಮೂಲೆಯಲ್ಲಿ ಅವಳ ಜಾಗ ಇರಲಿ, ಪ್ರತಿದಿನ ಅದೇ ಜಾಗ ಇರಲಿ. ಕೆಲವು ವಾರಗಳಾದ ಮೇಲೆ, ಅವಳಿಗೆ ಇಷ್ಟವಿದ್ದರೆ ಮಾತ್ರ, ಗಂಟೆ ಹೊಡೆಯುವ ಕೆಲಸವನ್ನು ಅವಳಿಗೇ ಕೊಟ್ಟು ನೋಡಿ. ಸದ್ದು ತನ್ನ ಕೈಯಿಂದಲೇ ಬಂದಾಗ ಭಯ ಕಡಿಮೆಯಾದ ಮಕ್ಕಳನ್ನು ನಾನು ಕಂಡಿದ್ದೇನೆ.

ಗಾಲಿಕುರ್ಚಿಯ ಮಗುವಿಗಾಗಿ ಶಾಲೆಗೆ ಇಳಿಜಾರು ಕಟ್ಟಿಸಲು ಅನುದಾನ ಬೇಕು, ಎಂಜಿನಿಯರು ಬೇಕು. ಈ ಮಗುವಿಗೆ ಬೇಕಾದ ಇಳಿಜಾರು ಮುಂದೆ ಏನಾಗುತ್ತದೆಂದು ಮೊದಲೇ ತಿಳಿಸುವ ಒಂದು ಮಾತು, ಒಂದು ಚಿತ್ರ. ಕಣ್ಣಿಗೆ ಕಾಣದ ಕಾರಣ ಇದನ್ನು ಯಾವ ತಪಾಸಣಾ ಪಟ್ಟಿಯಲ್ಲೂ ಬರೆಯುವುದಿಲ್ಲ, ಹಾಗಾಗಿಯೇ ಇದು ಎಲ್ಲೂ ಆಗುವುದಿಲ್ಲ.

ನಿಮ್ಮ ಕೈಯಲ್ಲಿ ಆಗಲೇ ಒಂದು ಒಳ್ಳೆಯ ಸಾಧನವಿದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ ತಿಳಿಯದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರ ಪ್ರಯತ್ನದಿಂದ ಆರಂಭವಾದ ನಲಿ-ಕಲಿಯಲ್ಲಿ ಪ್ರತಿ ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯನ್ನು ಹತ್ತುತ್ತದೆ, ಮುಂದಿನ ಮೆಟ್ಟಿಲನ್ನು ಚಿತ್ರದ ಗುರುತಿನಿಂದ ತಿಳಿಯುತ್ತದೆ. ಆಟಿಸಂ ಇರುವ ಮಗುವಿಗೆ ಎಲ್ಲಿದ್ದೇನೆ, ಮುಂದೆ ಎಲ್ಲಿಗೆ ಎಂಬುದು ಕಣ್ಣಿಗೆ ಕಾಣುವ ಹಾಗಿರಬೇಕು ಎಂದು ವಿಶೇಷ ಶಿಕ್ಷಕರು ಹೇಳುವುದೂ ಇದನ್ನೇ. ಅದೇ ಏಣಿಯ ಮಾದರಿಯಲ್ಲಿ ಅವಳ ಇಡೀ ದಿನಕ್ಕೆ ಒಂದು ಪಟ್ಟಿ ಮಾಡಿ: ಪ್ರಾರ್ಥನೆ, ಕಾರ್ಡ್ ಕೆಲಸ, ಊಟ, ಆಟ, ಮನೆ. ಒಂದೊಂದು ಮುಗಿದಂತೆ ಆ ಚಿತ್ರವನ್ನು ಅವಳೇ ತಿರುಗಿಸಿಡಲಿ. ಪಾಠದ ಕ್ರಮ ಬದಲಾಗುವ ದಿನ, ಉದಾಹರಣೆಗೆ ಆರೋಗ್ಯ ತಪಾಸಣೆಯವರು ಬರುವ ದಿನ, ಬೆಳಿಗ್ಗೆಯೇ ಆ ಚಿತ್ರವನ್ನು ಪಟ್ಟಿಗೆ ಸೇರಿಸಿ. ಈ ಪಟ್ಟಿಯನ್ನು ಉಳಿದ 27 ಮಕ್ಕಳೂ ನೋಡುತ್ತಾರೆ, ಅವರಿಗೂ ಅದರಿಂದ ಅನುಕೂಲವಾಗುತ್ತದೆ. ‘ಅವರನ್ನು ಬಿಟ್ಟು ಇವಳೊಬ್ಬಳನ್ನು’ ಎಂಬ ನಿಮ್ಮ ಆತಂಕಕ್ಕೆ ನನ್ನಲ್ಲಿರುವ ಉತ್ತರ ಅದೇ.

ಊಟದ ವಿಷಯದಲ್ಲಿ ದಯವಿಟ್ಟು ಒತ್ತಾಯ ಮಾಡಬೇಡಿ. ಸಾರು ಅನ್ನಕ್ಕೆ ತಾಗಿದರೆ ತಟ್ಟೆಯನ್ನೇ ತಳ್ಳುವ ಮಕ್ಕಳಿಗೆ ಅದು ಹಠವಲ್ಲ, ಆ ಜಿಗುಟು ಮತ್ತು ವಾಸನೆ ಬಾಯಿಗೆ ಸಹಿಸುವುದಿಲ್ಲ. ಅನ್ನವನ್ನು ಬೇರೆಯಾಗಿ ಹಾಕಿ, ಸಾರನ್ನು ಸಣ್ಣ ಬಟ್ಟಲಲ್ಲಿ ಪಕ್ಕದಲ್ಲಿಟ್ಟು ಸುಮ್ಮನಿರಿ. ಮೊಟ್ಟೆ ಬೇಡವೆಂದರೆ ಬಾಳೆಹಣ್ಣು ಕೊಟ್ಟು ನೋಡಿ. ನೂರು ಸ್ಟೀಲ್ ತಟ್ಟೆಗಳ ಸದ್ದಿನ ನಡುವೆ ಊಟ ಮಾಡಲಾಗದಿದ್ದರೆ ಐದು ನಿಮಿಷ ಮುಂಚೆ ಒಬ್ಬ ಗೆಳತಿಯೊಂದಿಗೆ ಕೂರಿಸಿ. ಅಡುಗೆಯವರಿಗೆ ಕಾರಣ ತಿಳಿಸಿದರೆ ಅವರು ಬೇಸರಿಸುವುದಿಲ್ಲ.

ಅವಳು ಕಿರುಚಿ ಅಳುವ ಹೊತ್ತಿನಲ್ಲಿ ಬುದ್ಧಿ ಹೇಳಬೇಡಿ, ಹಿಡಿದುಕೊಳ್ಳಬೇಡಿ, ಸುತ್ತ ಸೇರಿದವರನ್ನು ದೂರ ಕಳಿಸಿ, ಮಾತು ಕಡಿಮೆ ಮಾಡಿ. ಶಮನವಾದ ಮೇಲೆ, ಅದಕ್ಕೆ ಹತ್ತು ನಿಮಿಷ ಮುಂಚೆ ಏನು ನಡೆಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ವಾರಗಳ ಆ ಬರಹದಲ್ಲಿ ನಿಮಗೆ ಕಾರಣಗಳು ತಾವಾಗಿ ಕಾಣುತ್ತವೆ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ನಾನು ಆ ಹುಡುಗನನ್ನು ಹೊರಗೆ ನಿಲ್ಲಿಸಿದ ಹಾಗೆ ಇಂದು ಯಾರೂ ನಿಲ್ಲಿಸುವಂತಿಲ್ಲ.

ಇದನ್ನೆಲ್ಲ ನೀವೊಬ್ಬರೇ ಹೊರಬೇಕಾಗಿಯೂ ಇಲ್ಲ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಬಿ.ಐ.ಇ.ಆರ್.ಟಿ. ಎನ್ನುವವರು, ಇರುತ್ತಾರೆ. ನಿಮ್ಮ ತರಗತಿಗೆ ಬರುವಂತೆ ಮುಖ್ಯ ಶಿಕ್ಷಕರ ಮೂಲಕ ಬರವಣಿಗೆಯಲ್ಲಿ ಕೇಳಿ. ಅವರ ಮೇಲೆ ಹೊರೆ ಹೆಚ್ಚು, ತಿಂಗಳಿಗೊಮ್ಮೆ ಬಂದರೂ ದೊಡ್ಡದು. ಸಾಮಾನ್ಯ ಶಾಲೆಗಳಲ್ಲಿ ಅಂಗವೈಕಲ್ಯವುಳ್ಳ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ, ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ಅನುಪಾತವನ್ನು ಸುಪ್ರೀಂ ಕೋರ್ಟಿನ 2021ರ ತೀರ್ಪಿನ ನಂತರ ಕೇಂದ್ರ ಸರ್ಕಾರ 2022ರಲ್ಲಿ ಗೊತ್ತುಪಡಿಸಿತು. ನಿಮ್ಮ ಆ ಪತ್ರ ಅಗತ್ಯ ಎಲ್ಲಿದೆ ಎಂಬುದಕ್ಕೆ ಇಲಾಖೆಯ ಕಡತದಲ್ಲಿ ದಾಖಲೆಯಾಗುತ್ತದೆ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಆಟಿಸಂ ಎಂದಿದ್ದಾರೆ. ಬಸುರಿಯಾಗಿದ್ದಾಗ ಸೊಸೆ ಕೆಲಸಕ್ಕೆ ಹೋದದ್ದೇ ಕಾರಣವೆಂದು ನಮ್ಮ ಬೀಗರ ಕಡೆಯವರೊಬ್ಬರು, ಚುಚ್ಚುಮದ್ದಿನಿಂದ ಎಂದು ನೆರೆಯವರು, ಮೊಬೈಲಿನಿಂದ ಎಂದು ನನ್ನ ಮಗ ಹೇಳುತ್ತಾರೆ. ಯಾವುದು ನಿಜ?
– ಒಬ್ಬ ಅಜ್ಜಿ, ಚಿತ್ರದುರ್ಗ

ಉತ್ತರ: ಅಮ್ಮಾ, ಮೂರೂ ನಿಜವಲ್ಲ. ಆಟಿಸಂ ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವ, ಮೆದುಳು ಬೆಳೆಯುವ ಬಗೆಯಲ್ಲಿನ ವ್ಯತ್ಯಾಸ. ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದೆಂದು 1977ರಲ್ಲಿ ಪ್ರಕಟವಾದ ಅವಳಿ ಮಕ್ಕಳ ಅಧ್ಯಯನದಿಂದ ಹಿಡಿದು ಇಂದಿನವರೆಗೆ ಕಂಡುಬಂದಿದೆ. ತಾಯಿಯ ಮೇಲೆ ತಪ್ಪು ಹೊರಿಸುವುದು ನಮ್ಮೂರಿನವರಷ್ಟೇ ಮಾಡಿದ್ದಲ್ಲ. ತಾಯಿಯ ಪ್ರೀತಿ ಸಾಲದೆ ಹೀಗಾಯಿತೆಂದು ಅಮೆರಿಕದ ದೊಡ್ಡ ದೊಡ್ಡ ತಜ್ಞರೇ ಎರಡು ದಶಕ ಹೇಳಿಕೊಂಡು ಬಂದಿದ್ದರು. ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ಪುರಾವೆಸಹಿತ ಅಲ್ಲಗಳೆದರು. ಚುಚ್ಚುಮದ್ದಿನ ಅನುಮಾನ ಹುಟ್ಟಿದ್ದು 1998ರಲ್ಲಿ 12 ಮಕ್ಕಳ ಬಗ್ಗೆ ಇಂಗ್ಲೆಂಡಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನದಿಂದ. ಅದರಲ್ಲಿ ಸುಳ್ಳಿದೆಯೆಂದು ಸಾಬೀತಾಗಿ 2010ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂದಕ್ಕೆ ಪಡೆಯಿತು. ಮೊಮ್ಮಗನಿಗೆ ಬಾಕಿಯಿರುವ ದಡಾರದ ಚುಚ್ಚುಮದ್ದನ್ನು ತಪ್ಪಿಸಬೇಡಿ. ಮೂರು ತಿಂಗಳಲ್ಲಿ ಪೂರ್ತಿ ಗುಣಪಡಿಸುತ್ತೇವೆಂದು, ಸ್ಟೆಮ್ ಸೆಲ್ ಹಾಕುತ್ತೇವೆಂದು ಲಕ್ಷಗಟ್ಟಲೆ ಕೇಳುವವರ ಹತ್ತಿರವೂ ಹೋಗಬೇಡಿ. ಹರಕೆ ಹೊರುವುದು ನಿಮ್ಮ ಮನಸ್ಸಿನ ಸಮಾಧಾನಕ್ಕಾದರೆ ನಾನು ಬೇಡವೆನ್ನಲಾರೆ. ಆದರೆ ಮುಂದಿನ ಸಲ ಯಾರಾದರೂ ನಿಮ್ಮ ಸೊಸೆಯನ್ನು ದೂರಿದಾಗ ಮನೆಯ ಹಿರಿಯರಾಗಿ ನೀವು ಒಂದು ಮಾತು ಆಡಿ ತಡೆದರೆ, ಆ ಹುಡುಗಿಗೆ ಅದಕ್ಕಿಂತ ದೊಡ್ಡ ಆಸರೆ ಇಲ್ಲ.

ಪ್ರಶ್ನೆ: ನನಗೆ 23 ವರ್ಷ, ಬಿ.ಕಾಂ. ಮುಗಿಸಿದ್ದೇನೆ. ನನಗೆ ಆಟಿಸಂ ಇದೆ ಎಂದು ಕಳೆದ ವರ್ಷ ಬೆಂಗಳೂರಿನಲ್ಲಿ ತಿಳಿಯಿತು. ಲೆಕ್ಕಪತ್ರದ ಕೆಲಸ ಚೆನ್ನಾಗಿ ಬರುತ್ತದೆ. ಸಂದರ್ಶನದಲ್ಲಿ ಕಣ್ಣಿಟ್ಟು ನೋಡಲಾಗುವುದಿಲ್ಲ, ಥಟ್ಟನೆ ಕೇಳಿದರೆ ಮಾತು ನಿಂತುಹೋಗುತ್ತದೆ. ಮೂರು ಕಡೆ ತಿರಸ್ಕರಿಸಿದರು. ಮೊದಲೇ ಹೇಳಿಬಿಡಬೇಕೇ?
– ಚಳ್ಳಕೆರೆಯಿಂದ ಒಬ್ಬ ಯುವಕ

ಉತ್ತರ: ಹೇಳಬೇಕೋ ಬೇಡವೋ ಎಂಬುದು ನಿಮ್ಮ ನಿರ್ಧಾರ. ಹೇಳಿದಾಗ ಅನುಕಂಪವೂ ಬರಬಹುದು, ಬಾಗಿಲೂ ಮುಚ್ಚಬಹುದು, ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಿಲ್ಲ. ಹೇಳುವುದಾದರೆ ಕಾಯಿಲೆಯ ಹೆಸರಿನಂತೆ ಹೇಳದೆ ಕೆಲಸಕ್ಕೆ ಸಂಬಂಧಿಸಿದ ಕೋರಿಕೆಯಾಗಿ ಹೇಳಿ ಎಂಬುದು ನನ್ನ ಸಲಹೆ. ‘ಪ್ರಶ್ನೆಗಳನ್ನು ಬರೆದು ಕೊಟ್ಟರೆ ಅಥವಾ ಅರ್ಧ ಗಂಟೆ ಮುಂಚೆ ತಿಳಿಸಿದರೆ ನಾನು ಸರಿಯಾಗಿ ಉತ್ತರಿಸುತ್ತೇನೆ, ಮಾತಾಡುವಾಗ ಬೇರೆ ಕಡೆ ನೋಡಿದರೂ ನನ್ನ ಗಮನ ನಿಮ್ಮ ಮಾತಿನಲ್ಲೇ ಇರುತ್ತದೆ, ಬೇಕಿದ್ದರೆ ಒಂದು ದಿನದ ಲೆಕ್ಕ ಬರೆಸಿ ನೋಡಿ’ ಎಂದು ಅರ್ಜಿಯೊಂದಿಗೆ ನಾಲ್ಕು ಸಾಲು ಬರೆದು ಕಳಿಸಿ. ಲೆಕ್ಕ ಬರೆಯುವವರನ್ನು ಆರಿಸುವಾಗ ಲೆಕ್ಕವನ್ನು ನೋಡದೆ ಕಣ್ಣನ್ನು ನೋಡುವುದು ಆರಿಸುವವರಿಗೇ ನಷ್ಟ.

ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಶೇಕಡಾ 4ರಲ್ಲಿ 1 ಭಾಗವನ್ನು ಆಟಿಸಂ, ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ತೊಂದರೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ಒಟ್ಟಾಗಿ 2016ರ ಅಧಿನಿಯಮ ಕಾದಿರಿಸುತ್ತದೆ. ಇದಕ್ಕೆ ಶೇಕಡಾ 40ರ ಪ್ರಮಾಣಪತ್ರ ಬೇಕು. ಬಹಳ ಜನರಿಗೆ ತಿಳಿಯದ ವಿಷಯವೆಂದರೆ, ಭೇದಭಾವ ಮಾಡಬಾರದೆಂಬ ರಕ್ಷಣೆಗೆ ಆ 40ರ ಮಿತಿ ಇಲ್ಲ, ಅದು ಅಂಗವೈಕಲ್ಯ ಇರುವ ಎಲ್ಲರಿಗೂ ಸಲ್ಲುತ್ತದೆ. ಖಾಸಗಿ ಸಂಸ್ಥೆಗಳೂ ಸೇರಿ ಪ್ರತಿ ಸಂಸ್ಥೆ ತನ್ನ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು 21ನೇ ಕಲಮು ಹೇಳುತ್ತದೆ. ಅದರ ಪ್ರತಿಯನ್ನು ಕೇಳುವುದು ತಪ್ಪಲ್ಲ.

‘ನಾನು ಜನರನ್ನು ಅರ್ಥಮಾಡಿಕೊಳ್ಳಲಾರೆ’ ಎಂದು ನೀವು ಪತ್ರದಲ್ಲಿ ಮೂರು ಸಲ ಬರೆದಿದ್ದೀರಿ. ಸ್ವತಃ ಆಟಿಸಂ ಇರುವ ಇಂಗ್ಲೆಂಡಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಮುಂದಿಟ್ಟ ವಿಚಾರ ನಿಮಗೆ ತಿಳಿದಿರಲಿ. ಇಬ್ಬರ ನಡುವೆ ತಿಳಿವಳಿಕೆ ತಪ್ಪಿದಾಗ ಕೊರತೆ ಎರಡೂ ಕಡೆಯದು, ಉಳಿದವರು ಆಟಿಸಂ ಇರುವವರನ್ನು ಅರಿಯಲು ಸೋಲುತ್ತಾರೆ, ಆದರೆ ಆ ಸೋಲನ್ನು ಯಾರೂ ಕಾಯಿಲೆ ಎನ್ನುವುದಿಲ್ಲ ಎಂಬುದು ಅದರ ತಿರುಳು. ನಿಮ್ಮ ಪತ್ರವನ್ನು ನಾನು ಪೂರ್ತಿ ಅರ್ಥಮಾಡಿಕೊಂಡೆ. ಅಷ್ಟು ಸ್ಪಷ್ಟವಾಗಿ ಬರೆದಿದ್ದೀರಿ.

ಪ್ರಶ್ನೆ: ನನ್ನ ಮಗನ ಮದುವೆ ದಾವಣಗೆರೆಯ ಕಲ್ಯಾಣ ಮಂಟಪದಲ್ಲಿ ಇದೆ. ಅಕ್ಕನ ಮಗಳಿಗೆ 14 ವರ್ಷ, ಆಟಿಸಂ ಇದೆ. ‘ಅವಳನ್ನು ಕರೆತಂದರೆ ನಿಮಗೆಲ್ಲ ತೊಂದರೆ, ನಾವು ಬರುವುದಿಲ್ಲ’ ಎನ್ನುತ್ತಾಳೆ ಅಕ್ಕ. ಸೋದರಮಾವನಾಗಿ ನನಗೆ ಅವರಿಬ್ಬರೂ ಬರಲೇಬೇಕು. ಏನು ಏರ್ಪಾಡು ಮಾಡಲಿ?
– ಹರಿಹರದ ಒಬ್ಬರು

ಉತ್ತರ: ಅಕ್ಕನಿಗೆ ‘ತೊಂದರೆಯೇನಿಲ್ಲ ಬಾ’ ಎಂದಷ್ಟೇ ಹೇಳಿದರೆ ಸಾಲದು, ಏನೇನು ಏರ್ಪಾಡು ಮಾಡಿದ್ದೀರೆಂದು ಹೇಳಿ. ಮಂಟಪದ ಕೋಣೆಗಳಲ್ಲಿ ವಾಲಗದವರಿಂದ ದೂರದ್ದೊಂದನ್ನು ಅವರಿಗೇ ಬಿಟ್ಟು, ಕೀಲಿಕೈಯನ್ನು ಅಕ್ಕನ ಕೈಗೆ ಕೊಡಿ. ಹಿಂದಿನ ದಿನ, ಜನ ಸೇರುವ ಮೊದಲು, ಹುಡುಗಿಯನ್ನು ಕರೆತಂದು ಮಂಟಪವನ್ನೆಲ್ಲ ತೋರಿಸಿ, ಅಲ್ಲಿನ ನಾಲ್ಕು ಫೋಟೋ ತೆಗೆದು ಅವಳಿಗೆ ಕೊಡಿ. ಗಟ್ಟಿಮೇಳವನ್ನು ನಿಲ್ಲಿಸಲಾಗದು, ಆದರೆ ಮುಹೂರ್ತದ ಹೊತ್ತು ಲಗ್ನಪತ್ರಿಕೆಯಲ್ಲೇ ಅಚ್ಚಾಗಿದೆ. ಅದನ್ನು ಅವಳಿಗೆ ಓದಿ ಹೇಳಿ, ಐದು ನಿಮಿಷ ಮುಂಚೆ ನೆನಪಿಸಿ, ಬೇಕೆಂದರೆ ಹೊರಗೆ ಕರೆದೊಯ್ಯಲು ಒಬ್ಬ ಅಣ್ಣನನ್ನೋ ಅತ್ತಿಗೆಯನ್ನೋ ನಿಯೋಜಿಸಿ. ಮೊದಲ ಪಂಕ್ತಿಗೂ ಮುಂಚೆ ಅವಳಿಗೆ ಊಟವಾಗಲಿ. ಹಿರಿಯರ ಕಾಲಿಗೆ ಬೀಳು, ಫೋಟೋಗೆ ನಗು ಎಂದು ಯಾರೂ ಒತ್ತಾಯಿಸದಂತೆ ಮನೆಯವರಿಗೆಲ್ಲ ಮೊದಲೇ ತಿಳಿಸಿ. ಅವಳು ಕೈ ಅಲುಗಾಡಿಸುತ್ತ ಓಡಾಡಿದರೆ ಓಡಾಡಲಿ.

ವಸ್ತುಗಳನ್ನು ಎಣಿಸಿ ಸಾಲಾಗಿ ಜೋಡಿಸುವುದೆಂದರೆ ಅವಳಿಗೆ ಇಷ್ಟವೆಂದು ಬರೆದಿದ್ದೀರಿ. ಹಾಗಾದರೆ ತಾಂಬೂಲದ ಚೀಲಗಳನ್ನು ತುಂಬುವ ಕೆಲಸವನ್ನು ಅವಳಿಗೆ ಒಪ್ಪಿಸಬಾರದೇಕೆ? ಒಂದು ತೆಂಗಿನಕಾಯಿ, ಎರಡು ವೀಳ್ಯದೆಲೆ, ಒಂದು ಅಡಕೆ ಎಂದು ಮಾದರಿಯ ಚೀಲವೊಂದನ್ನು ಮುಂದಿಟ್ಟು, ಆ ದೂರದ ಕೋಣೆಯಲ್ಲಿ ಸಾಮಾನುಗಳನ್ನು ಇರಿಸಿ, ಎಷ್ಟು ಚೀಲ ಬೇಕೆಂದು ಸರಿಯಾದ ಸಂಖ್ಯೆ ಹೇಳಿ. ಸಂಖ್ಯೆಯನ್ನು ಮಧ್ಯದಲ್ಲಿ ಬದಲಾಯಿಸಬೇಡಿ. ಬದಲಾಯಿಸಲೇಬೇಕಾದರೆ ಹಿಂದಿನ ರಾತ್ರಿಯೇ ಹೇಳಿಬಿಡಿ.